ನಾಲ್ಕಂಕಿಯ ಹಿಂದಿನ ವ್ಯವಸ್ಥೆ: ಚೆಸ್ ಸಂಸ್ಥೆಗಳು, ಸದಸ್ಯತ್ವ ಮತ್ತು ರೇಟಿಂಗ್

ಮಾನ್ಯತೆ ಪಡೆದ ಟೂರ್ನಿಗಳಲ್ಲಿ ಬಂದ ಫಲಿತಾಂಶಗಳನ್ನು ಆಧರಿಸಿ ಆಟಗಾರರ ಸದ್ಯದ ಮಟ್ಟವನ್ನು ಅಂದಾಜು ಮಾಡುವ ಸಂಖ್ಯೆಯೇ ಅಧಿಕೃತ ಚೆಸ್ ರೇಟಿಂಗ್. ಸಾಮಾನ್ಯವಾಗಿ ಇದು ನಾಲ್ಕಂಕಿಯದು. ಟೂರ್ನಿಯಲ್ಲಿ ಯಾರು ಯಾವ ವಿಭಾಗದಲ್ಲಿ ಆಡಬೇಕು, ಮೊದಲ ಸುತ್ತಿನಲ್ಲಿ ಯಾರಿಗೆ ಯಾರು ಎದುರಾಳಿ, ಯಾವ ಬಹುಮಾನಕ್ಕೆ ಯಾರು ಅರ್ಹರು ಎಂಬುದೆಲ್ಲ ಇದನ್ನು ನೋಡಿಯೇ ತೀರ್ಮಾನವಾಗುತ್ತದೆ. ಆದರೆ ಈ ಸಂಖ್ಯೆ ತನ್ನಷ್ಟಕ್ಕೆ ಹುಟ್ಟುವುದಿಲ್ಲ. ಟೂರ್ನಿ ನೋಂದಣಿಯಾಗಿರಬೇಕು, ಆರ್ಬಿಟರ್ ಇರಬೇಕು, ಆಟಗಾರರು ಯಾವುದೋ ಒಂದು ಸಂಸ್ಥೆಯ ದಾಖಲೆಯಲ್ಲಿರಬೇಕು. ಯಾವ ಸಂಸ್ಥೆಯ ಉಸ್ತುವಾರಿಯಲ್ಲಿ, ಯಾವ ಆಟಗಾರರ ನಡುವೆ ಆಡಿ ಗಳಿಸಿದ್ದು ಎಂದು ತಿಳಿಯದೆ ‘1600’ ಎಂಬ ಅಂಕಿಗೆ ಅರ್ಥವಿಲ್ಲ. ಕ್ಲಬ್ ಮಟ್ಟದ ಆಟಗಾರರಿಗೂ ಮಕ್ಕಳನ್ನು ಟೂರ್ನಿಗೆ ಕರೆದೊಯ್ಯುವ ಪೋಷಕರಿಗೂ ಬೇಕಾಗುವ ಈ ವ್ಯವಸ್ಥೆಯ ಪರಿಚಯ ಇಲ್ಲಿದೆ.

ಫಿಡೆ: ಜಾಗತಿಕ ಆಡಳಿತ ಸಂಸ್ಥೆ

ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ ಸ್ಥಾಪನೆಯಾದದ್ದು 1924ರ ಜುಲೈ 20ರಂದು, ಪ್ಯಾರಿಸ್‌ನಲ್ಲಿ. ಅದರ ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಬಂದ ‘ಫಿಡೆ’ ಎಂಬುದೇ ಎಲ್ಲೆಡೆ ಬಳಕೆಯಲ್ಲಿದೆ. ಆ ದಿನವನ್ನು ವಿಶ್ವ ಚೆಸ್ ದಿನವಾಗಿ ಆಚರಿಸಲಾಗುತ್ತದೆ. ನೆದರ್ಲೆಂಡ್ಸ್‌ನ ಅಲೆಕ್ಸಾಂಡರ್ ರ‍್ಯೂಬ್ ಮೊದಲ ಅಧ್ಯಕ್ಷರು. ಮಾಜಿ ವಿಶ್ವ ಚಾಂಪಿಯನ್ ಮ್ಯಾಕ್ಸ್ ಯೂವೆ 1970ರಿಂದ 1978ರವರೆಗೆ ಈ ಹುದ್ದೆಯಲ್ಲಿದ್ದರು. 2018ರಲ್ಲಿ ರಷ್ಯಾದ ಅರ್ಕಾಡಿ ದ್ವೊರ್ಕೊವಿಚ್ ಅಧ್ಯಕ್ಷರಾದರು. 2022ರಲ್ಲಿ ವಿಶ್ವನಾಥನ್ ಆನಂದ್ ಉಪಾಧ್ಯಕ್ಷರಾಗಿ ಆಯ್ಕೆಯಾದರು. ಕೇಂದ್ರ ಕಚೇರಿ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 1999ರಲ್ಲಿ ಫಿಡೆಗೆ ಮಾನ್ಯತೆ ನೀಡಿತು.

ಆಟಗಾರರು ಫಿಡೆಯ ನೇರ ಸದಸ್ಯರಲ್ಲ ಎಂಬುದು ಹಲವರಿಗೆ ಗೊತ್ತಿರದ ಸಂಗತಿ. ಅದರ ಸದಸ್ಯರು ರಾಷ್ಟ್ರೀಯ ಫೆಡರೇಷನ್‌ಗಳು. ಸುಮಾರು 200 ಇವೆ. ಮಹಾಸಭೆಯಲ್ಲಿ ದೊಡ್ಡ ದೇಶಕ್ಕೂ ಪುಟ್ಟ ದ್ವೀಪಕ್ಕೂ ತಲಾ ಒಂದೇ ಮತ. ಇಲ್ಲಿ ‘ರಾಷ್ಟ್ರ’ ಎಂದರೆ ರಾಜಕೀಯ ಭೂಪಟದ ರಾಷ್ಟ್ರವೇ ಆಗಿರಬೇಕಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ಬೇರೆ ಬೇರೆ ಫೆಡರೇಷನ್‌ಗಳಿವೆ. ಐರ್ಲೆಂಡ್ ದ್ವೀಪದ ಎರಡೂ ಭಾಗಗಳಿಗೆ ಸೇರಿ ಒಂದೇ ಒಕ್ಕೂಟವಿದೆ. ಜರ್ಸಿ, ಗರ್ನ್ಸಿಯಂಥ ಸಣ್ಣ ದ್ವೀಪಗಳೂ ಪ್ರತ್ಯೇಕ ಸದಸ್ಯರು.

ಆಟದ ನಿಯಮಾವಳಿ, ವಿಶ್ವ ಚಾಂಪಿಯನ್‌ಷಿಪ್, ಒಲಿಂಪಿಯಾಡ್, ಬಿರುದುಗಳು, ಆರ್ಬಿಟರ್‌ಗಳ ಪರವಾನಗಿ ಮತ್ತು ಅಂತರರಾಷ್ಟ್ರೀಯ ರೇಟಿಂಗ್ ಪಟ್ಟಿ ಫಿಡೆಯ ಹೊಣೆಯಲ್ಲಿವೆ. ಆಟಗಾರರಿಗೆ ಸಿಗುವ ಫಿಡೆ ಐಡಿ ಸಂಖ್ಯೆಯೂ ಆಯಾ ದೇಶದ ಫೆಡರೇಷನ್ ಮೂಲಕವೇ ಬರುತ್ತದೆ. ಹೆಸರಿನ ಪಕ್ಕದಲ್ಲಿ ಒಂದು ಸಲಕ್ಕೆ ಒಂದೇ ದೇಶವಿರುತ್ತದೆ. ಬೇರೆ ದೇಶಕ್ಕೆ ವಲಸೆ ಹೋದ ಮಾತ್ರಕ್ಕೆ ಅದು ತಾನಾಗಿ ಬದಲಾಗುವುದಿಲ್ಲ. ವರ್ಗಾವಣೆಗೆ ಪ್ರತ್ಯೇಕ ಪ್ರಕ್ರಿಯೆ ಇದೆ.

ಭಾರತದಲ್ಲಿ: ಜಿಲ್ಲೆಯಿಂದ ರಾಷ್ಟ್ರದವರೆಗೆ

ಅಖಿಲ ಭಾರತ ಚೆಸ್ ಫೆಡರೇಷನ್ (ಎಐಸಿಎಫ್) 1951ರಲ್ಲಿ ಸ್ಥಾಪನೆಯಾಯಿತು. ಅದರ ಕೆಳಗೆ ರಾಜ್ಯ ಸಂಸ್ಥೆಗಳು, ಅವುಗಳ ಕೆಳಗೆ ಜಿಲ್ಲಾ ಸಂಸ್ಥೆಗಳು, ಕೊನೆಯಲ್ಲಿ ಕ್ಲಬ್ ಮತ್ತು ಅಕಾಡೆಮಿಗಳು. ವಯೋಮಿತಿಯ ಚಾಂಪಿಯನ್‌ಷಿಪ್‌ಗಳ ಆಯ್ಕೆ ನಡೆಯುವುದು ಇದೇ ದಾರಿಯಲ್ಲಿ. ಜಿಲ್ಲಾ ಟೂರ್ನಿಯಲ್ಲಿ ಮೇಲಿನ ಸ್ಥಾನ ಪಡೆದವರು ರಾಜ್ಯಕ್ಕೆ, ಅಲ್ಲಿ ಗೆದ್ದವರು ರಾಷ್ಟ್ರೀಯ ಟೂರ್ನಿಗೆ ಹೋಗುತ್ತಾರೆ. ಆಯ್ಕೆಯಾಗದವರು ಹೆಚ್ಚಿನ ಶುಲ್ಕ ತೆತ್ತು ಆಡಲು ‘ಸ್ಪೆಷಲ್ ಎಂಟ್ರಿ’ಯ ಅವಕಾಶ ಕೊಡುವ ರೂಢಿಯೂ ಇದೆ. ನಮ್ಮ ರಾಷ್ಟ್ರೀಯ ಟೂರ್ನಿಗಳ ವಯೋಮಿತಿ 7, 9, 11, 13 ಹೀಗೆ ಬೆಸಸಂಖ್ಯೆಯಲ್ಲಿ ಸಾಗಿದರೆ ವಿಶ್ವ ಟೂರ್ನಿಗಳದ್ದು 8, 10, 12 ಎಂದು ಸಮಸಂಖ್ಯೆಯಲ್ಲಿದೆ. ಈ ವರ್ಷ ಒಂಬತ್ತರೊಳಗಿನ ವಿಭಾಗದಲ್ಲಿ ಗೆದ್ದ ಮಗು ಮುಂದಿನ ವರ್ಷ ಹತ್ತರೊಳಗಿನ ವಿಶ್ವ ಟೂರ್ನಿಗೆ ವಯಸ್ಸಿನಲ್ಲಿ ಸರಿಹೊಂದುತ್ತದೆ.

ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ಚೆಸ್ ಸಂಸ್ಥೆ, ಯುನೈಟೆಡ್ ಕರ್ನಾಟಕ ಚೆಸ್ ಅಸೋಸಿಯೇಷನ್ ಎಂಬ ಎರಡು ಹೆಸರುಗಳು ಬೇರೆ ಬೇರೆ ಕಾಲದಲ್ಲಿ ಕೇಳಿಬಂದಿವೆ. ಒಂದೇ ರಾಜ್ಯದಲ್ಲಿ ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಹಕ್ಕು ಸಾಧಿಸುವುದು ಭಾರತೀಯ ಕ್ರೀಡಾಡಳಿತದಲ್ಲಿ ಹೊಸತಲ್ಲ. ಹೆಸರು ಏನೇ ಇರಲಿ, ಆ ಹೊತ್ತಿಗೆ ಎಐಸಿಎಫ್‌ನ ಸಂಯೋಜನೆ ಪಡೆದ ಸಂಸ್ಥೆ ಯಾವುದು ಎಂಬುದು ಆಟಗಾರರಿಗೆ ಮುಖ್ಯ. ಅಧಿಕೃತ ರಾಜ್ಯ ತಂಡ ಆ ಸಂಸ್ಥೆಯ ಮೂಲಕವೇ ಹೋಗುತ್ತದೆ.

ಈ ಮಾನ್ಯತೆಯ ಬಲ ಎಷ್ಟೆಂಬುದು ಒಂದು ಪ್ರಕರಣದಿಂದ ತಿಳಿಯುತ್ತದೆ. ತನ್ನ ಮಾನ್ಯತೆಯಿಲ್ಲದ ಟೂರ್ನಿಗಳಲ್ಲಿ ಆಡಿದವರ ಮೇಲೆ ಎಐಸಿಎಫ್ ನಿಷೇಧ ಹೇರಿದಾಗ ಕೆಲವು ಆಟಗಾರರು ಭಾರತೀಯ ಸ್ಪರ್ಧಾ ಆಯೋಗದ ಮೊರೆ ಹೋದರು. ಫೆಡರೇಷನ್ ತನ್ನ ಪ್ರಬಲ ಸ್ಥಾನವನ್ನು ದುರುಪಯೋಗ ಮಾಡಿಕೊಂಡಿದೆ ಎಂದ ಆಯೋಗ 2018ರಲ್ಲಿ ₹6.92 ಲಕ್ಷ ದಂಡ ವಿಧಿಸಿತು. ರೇಟಿಂಗ್‌ನ ಬಾಗಿಲು ಒಂದೇ ಇದ್ದು ಅದರ ಬೀಗದಕೈ ಒಬ್ಬರ ಬಳಿಯೇ ಇದ್ದರೆ, ಆಟಗಾರರ ಮೇಲೆ ಅವರಿಗೆ ಎಷ್ಟು ಅಧಿಕಾರ ಇರಬೇಕು ಎಂಬ ಪ್ರಶ್ನೆಯನ್ನು ಆ ಪ್ರಕರಣ ಎತ್ತಿತು.

ಸದಸ್ಯತ್ವ: ದೇಶಕ್ಕೊಂದು ಪದ್ಧತಿ

ಸದಸ್ಯತ್ವದ ವಿಷಯದಲ್ಲಿ ಎಲ್ಲ ದೇಶಗಳೂ ಒಂದೇ ದಾರಿ ಹಿಡಿದಿಲ್ಲ. ಭಾರತದಲ್ಲಿ ಆಟಗಾರರು ಎಐಸಿಎಫ್‌ನಲ್ಲಿ ಹೆಸರು ನೋಂದಾಯಿಸಿ ಐಡಿ ಪಡೆಯುತ್ತಾರೆ. ವಯಸ್ಸಿನ ವಿಭಾಗಗಳಿಗೆ ಜನನ ಪ್ರಮಾಣಪತ್ರ ಬೇಕು. ರಾಜ್ಯ, ಜಿಲ್ಲಾ ಸಂಸ್ಥೆಗಳು ಪ್ರತ್ಯೇಕ ನೋಂದಣಿ ಕೇಳುವುದುಂಟು. ಶುಲ್ಕ ಮತ್ತು ಕ್ರಮ ಆಗಾಗ ಬದಲಾಗುವುದರಿಂದ ಟೂರ್ನಿಯ ಪ್ರಕಟಣೆಯನ್ನು ಓದಿಯೇ ಮುಂದುವರಿಯುವುದು ಒಳ್ಳೆಯದು.

ಅಮೆರಿಕದಲ್ಲಿ 1939ರ ಡಿಸೆಂಬರ್‌ನಲ್ಲಿ ಎರಡು ಸಂಸ್ಥೆಗಳು ಕೂಡಿ ಯುನೈಟೆಡ್ ಸ್ಟೇಟ್ಸ್ ಚೆಸ್ ಫೆಡರೇಷನ್ ರೂಪುಗೊಂಡಿತು. ಈಗ ‘ಯುಎಸ್ ಚೆಸ್’ ಎಂದು ಕರೆಯುತ್ತಾರೆ, ಕಚೇರಿ ಸೇಂಟ್ ಲೂಯಿಸ್‌ನಲ್ಲಿದೆ. ಅಲ್ಲಿ ವ್ಯಕ್ತಿಗಳೇ ನೇರವಾಗಿ ರಾಷ್ಟ್ರೀಯ ಸಂಸ್ಥೆಯ ಸದಸ್ಯರು. ಕ್ಲಬ್‌ಗಳು ಸಂಯೋಜಿತ ಸಂಸ್ಥೆಗಳಾಗಿ ಟೂರ್ನಿ ನಡೆಸುತ್ತವೆ. ಬಡಾವಣೆಯ ಸಮುದಾಯ ಭವನದಲ್ಲಿ ವಾರಾಂತ್ಯಕ್ಕೆ ನಡೆಯುವ ಸಣ್ಣ ಟೂರ್ನಿಗೂ ರಾಷ್ಟ್ರೀಯ ರೇಟಿಂಗ್ ಇರುತ್ತದೆ. ಆಡಲು ಸದಸ್ಯತ್ವ ಬೇಕು. ಪೌರತ್ವದ ಷರತ್ತಿಲ್ಲದ ಕಾರಣ ಕೆಲಸಕ್ಕೆಂದು ಅಲ್ಲಿಗೆ ಹೋದ ಬೆಂಗಳೂರಿನ ಕುಟುಂಬದ ಮಗು ಫಿಡೆ ಪಟ್ಟಿಯಲ್ಲಿ ಭಾರತದ ಹೆಸರಿನಲ್ಲಿದ್ದುಕೊಂಡೇ ಅಲ್ಲಿನ ರೇಟಿಂಗ್ ಪಡೆಯಬಹುದು.

ಇಂಗ್ಲೆಂಡ್‌ನಲ್ಲಿ ಚೆಸ್‌ನ ಜೀವಾಳ ಕೌಂಟಿ ಮತ್ತು ನಗರ ಲೀಗ್‌ಗಳು. ವಾರದ ದಿನಗಳ ಸಂಜೆ ಒಂದು ಕ್ಲಬ್‌ನ ತಂಡ ಇನ್ನೊಂದರ ತಂಡದೊಡನೆ ಆಡುತ್ತದೆ. 1904ರಲ್ಲಿ ಹುಟ್ಟಿದ ಬ್ರಿಟಿಷ್ ಚೆಸ್ ಫೆಡರೇಷನ್‌ನ ಉತ್ತರಾಧಿಕಾರಿಯಾದ ಇಂಗ್ಲಿಷ್ ಚೆಸ್ ಫೆಡರೇಷನ್‌ನಲ್ಲಿ ಬೆಳ್ಳಿ, ಚಿನ್ನ, ಪ್ಲಾಟಿನಂ ಮುಂತಾದ ಹೆಸರಿನ ಸದಸ್ಯತ್ವದ ಹಂತಗಳಿವೆ. ದೇಶೀಯ ರೇಟಿಂಗ್‌ನ ಆಟಗಳಿಗಷ್ಟೇ ಸೀಮಿತವಾದವರಿಗೆ ಕಡಿಮೆ ಶುಲ್ಕ. ಫಿಡೆ ರೇಟಿಂಗ್ ಇರುವ ಟೂರ್ನಿಗೆ ಮೇಲಿನ ಹಂತ ಬೇಕು.

ಜರ್ಮನಿಯ ಫೆಡರೇಷನ್ ಇವೆಲ್ಲಕ್ಕಿಂತ ಹಳೆಯದು: 1877ರಲ್ಲಿ ಲೈಪ್‌ಜಿಗ್‌ನಲ್ಲಿ ಸ್ಥಾಪನೆಯಾಯಿತು. ಅಲ್ಲಿ ಎಲ್ಲದರ ಬುನಾದಿ ಕ್ಲಬ್. ಆಟಗಾರರು ಕ್ಲಬ್‌ಗೆ ಸೇರುತ್ತಾರೆ, ಕ್ಲಬ್ ಮೂಲಕ ರಾಜ್ಯದ ಒಕ್ಕೂಟಕ್ಕೂ ರಾಷ್ಟ್ರೀಯ ಒಕ್ಕೂಟಕ್ಕೂ ಸೇರಿದಂತಾಗುತ್ತದೆ.

ಈ ದೇಶಗಳಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಅಲ್ಲಿನ ಕ್ಲಬ್ ಆಟಗಾರರಿಗೆ ಫಿಡೆ ರೇಟಿಂಗ್ ಇಲ್ಲದೆಯೂ ಹಲವು ವರ್ಷ ನಡೆಯುತ್ತದೆ, ದೇಶೀಯ ರೇಟಿಂಗ್ ಸಾಕು. ಭಾರತದಲ್ಲಿ ‘ರೇಟೆಡ್ ಪ್ಲೇಯರ್’ ಎಂದರೆ ಸಾಮಾನ್ಯವಾಗಿ ಫಿಡೆ ರೇಟಿಂಗ್ ಇರುವವರು ಎಂದೇ ಅರ್ಥ. ಎಂಟು ವರ್ಷದ ಮಗುವಿನ ಮೊದಲ ಗಂಭೀರ ಟೂರ್ನಿಯೂ ಅಂತರರಾಷ್ಟ್ರೀಯ ಪಟ್ಟಿಗೆ ನೇರವಾಗಿ ಸೇರುತ್ತದೆ. ಇದರ ಪರಿಣಾಮ ಮುಂದೆ ನೋಡೋಣ.

ರೇಟಿಂಗ್ ಹುಟ್ಟಿದ ಬಗೆ

ಎರಡನೇ ಮಹಾಯುದ್ಧದ ನಂತರ ಹಲವು ದೇಶಗಳಲ್ಲಿ ಆಟಗಾರರನ್ನು ಅಂಕಿಯಲ್ಲಿ ಅಳೆಯುವ ಪ್ರಯತ್ನ ಶುರುವಾಯಿತು. ಜರ್ಮನಿಯಲ್ಲಿ 1948ರ ಹೊತ್ತಿಗೆ ‘ಇಂಗೊ’ ಪದ್ಧತಿ ಬಂತು; ಅದರಲ್ಲಿ ಅಂಕಿ ಕಡಿಮೆಯಾದಷ್ಟೂ ಆಟಗಾರ ಬಲಶಾಲಿ. ಅಮೆರಿಕದಲ್ಲಿ 1950ರಿಂದ ಕೆನೆತ್ ಹಾರ್ಕ್‌ನೆಸ್ ರೂಪಿಸಿದ ಪದ್ಧತಿ ಜಾರಿಯಲ್ಲಿತ್ತು. ಎದುರಾಳಿಗಳ ಸರಾಸರಿ ರೇಟಿಂಗ್ ತೆಗೆದು, ಅರ್ಧಕ್ಕಿಂತ ಹೆಚ್ಚಾಗಿ ಗಳಿಸಿದ ಪ್ರತಿ ಶೇಕಡಾ ಅಂಶಕ್ಕೆ ಹತ್ತು ಕೂಡಿಸುವುದು, ಕಡಿಮೆಯಾದರೆ ಕಳೆಯುವುದು. ಲೆಕ್ಕ ಸರಳ, ಆದರೆ ಕೆಲವೊಮ್ಮೆ ಅಸಂಬದ್ಧ ಫಲಿತಾಂಶ ಕೊಡುತ್ತಿತ್ತು.

ಇದನ್ನು ಸರಿಪಡಿಸಿದವರು ಅರ್ಪಾಡ್ ಈಲೊ. 1903ರಲ್ಲಿ ಹಂಗೆರಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋದವರು. ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರು. ವಿಸ್ಕಾನ್ಸಿನ್ ರಾಜ್ಯ ಚಾಂಪಿಯನ್‌ಷಿಪ್ ಹಲವು ಸಲ ಗೆದ್ದ ಆಟಗಾರರೂ ಹೌದು. ಆಟಗಾರನೊಬ್ಬ ಪ್ರತಿದಿನ ಒಂದೇ ಮಟ್ಟದಲ್ಲಿ ಆಡುವುದಿಲ್ಲ, ಅವನ ಆಟ ಒಂದು ಸರಾಸರಿಯ ಸುತ್ತ ಏರಿಳಿಯುತ್ತದೆ ಎಂಬ ಸಂಖ್ಯಾಶಾಸ್ತ್ರದ ಗ್ರಹಿಕೆಯ ಮೇಲೆ ಅವರು ಪದ್ಧತಿ ಕಟ್ಟಿದರು. ಅಮೆರಿಕನ್ ಫೆಡರೇಷನ್ 1960ರಲ್ಲಿ, ಫಿಡೆ 1970ರಲ್ಲಿ ಅದನ್ನು ಒಪ್ಪಿಕೊಂಡವು. ಮೊದಲ ಕೆಲವು ವರ್ಷ ಫಿಡೆಯ ಲೆಕ್ಕವನ್ನು ಈಲೊ ಸ್ವತಃ ಮಾಡುತ್ತಿದ್ದರು. ತಮ್ಮ ಪದ್ಧತಿಯ ಮಿತಿಯ ಬಗ್ಗೆ ಅವರಿಗೆ ಭ್ರಮೆ ಇರಲಿಲ್ಲ. ನೀರಿನ ಮೇಲೆ ತೇಲಾಡುವ ಬಿರಡೆಯ ಸ್ಥಾನವನ್ನು, ಗಾಳಿಗೆ ತೂಗುವ ಹಗ್ಗಕ್ಕೆ ಕಟ್ಟಿದ ಅಳತೆಗೋಲಿನಿಂದ ಅಳೆಯುವುದಕ್ಕೆ ಅವರು ಈ ಕೆಲಸವನ್ನು ಹೋಲಿಸಿದ್ದರು.

ಲೆಕ್ಕ ನಡೆಯುವುದು ಹೀಗೆ

ರೇಟಿಂಗ್‌ನ ತಿರುಳು ಒಂದೇ ಪ್ರಶ್ನೆ: ಈ ಇಬ್ಬರು ಆಡಿದರೆ ಯಾರಿಂದ ಎಷ್ಟು ಅಂಕ ನಿರೀಕ್ಷಿಸಬಹುದು? ಉತ್ತರ ಇಬ್ಬರ ರೇಟಿಂಗ್‌ಗಳ ಅಂತರದಲ್ಲಿದೆ. ಅಂತರ ಸೊನ್ನೆಯಾದರೆ ಇಬ್ಬರಿಗೂ ಅರ್ಧರ್ಧ. 100 ಇದ್ದರೆ ಬಲಶಾಲಿಗೆ ಶೇ 64, 200ಕ್ಕೆ ಶೇ 76, 300ಕ್ಕೆ ಶೇ 85, 400ಕ್ಕೆ ಶೇ 92. ಅಂದರೆ ತನಗಿಂತ 200 ಹೆಚ್ಚಿರುವವರ ಎದುರು ನೂರು ಆಟ ಆಡಿದವರಿಗೆ ಸುಮಾರು 24 ಅಂಕ ದೊರೆಯಬೇಕು. ಗೆಲುವಿಗೆ ಒಂದು, ಡ್ರಾಗೆ ಅರ್ಧ. ಕ್ಲಬ್ ಆಟಗಾರರ ಲೆಕ್ಕದಲ್ಲಿ ಅಂತರ 400ನ್ನು ಮೀರಿದರೂ 400 ಎಂದೇ ಹಿಡಿಯುತ್ತಾರೆ.

ನಿಜವಾದ ಫಲಿತಾಂಶದಿಂದ ನಿರೀಕ್ಷಿತ ಅಂಕವನ್ನು ಕಳೆದು, ಉಳಿದದ್ದನ್ನು ‘ಕೆ’ ಎಂಬ ಗುಣಕದಿಂದ ಗುಣಿಸಿದರೆ ರೇಟಿಂಗ್‌ನಲ್ಲಾಗುವ ಬದಲಾವಣೆ ಸಿಗುತ್ತದೆ. 1500ರ ಆಟಗಾರ್ತಿ 1700ರ ಎದುರಾಳಿಯನ್ನು ಸೋಲಿಸಿದರು ಎನ್ನೋಣ. ನಿರೀಕ್ಷೆ 0.24, ಗಳಿಸಿದ್ದು 1, ವ್ಯತ್ಯಾಸ 0.76. ಕೆ 20 ಆದರೆ ಅವರಿಗೆ 15.2 ಸೇರುತ್ತದೆ. ಡ್ರಾ ಆಗಿದ್ದರೆ 5.2 ಸೇರುತ್ತಿತ್ತು, ಸೋತಿದ್ದರೆ 4.8 ಹೋಗುತ್ತಿತ್ತು. ಬಲಶಾಲಿಯ ಎದುರಿನ ಸೋಲಿಗೆ ದಂಡ ಕಡಿಮೆ. ದುರ್ಬಲರ ಎದುರು ಬಿಟ್ಟುಕೊಟ್ಟ ಡ್ರಾ ದುಬಾರಿ.

ಕೆ ಎಲ್ಲರಿಗೂ ಒಂದೇ ಅಲ್ಲ. ಹೊಸಬರಿಗೆ 30 ಆಟ ಮುಗಿಯುವವರೆಗೆ 40. ಬಳಿಕ 2400 ಮುಟ್ಟುವವರೆಗೆ 20. ಒಮ್ಮೆ 2400 ಮುಟ್ಟಿದವರಿಗೆ 10. ಹದಿನೆಂಟರೊಳಗಿನವರಿಗೆ ರೇಟಿಂಗ್ 2300ಕ್ಕಿಂತ ಕೆಳಗಿರುವಷ್ಟು ಕಾಲ 40. ಮಕ್ಕಳ ಆಟ ಬೇಗ ಬೆಳೆಯುವುದರಿಂದ ಅಂಕಿಯೂ ಬೇಗ ಚಲಿಸಲಿ ಎಂಬುದು ಇದರ ಉದ್ದೇಶ. ಹೀಗಾಗಿ ಒಂದೇ ಆಟದಿಂದ ಹುಡುಗನಿಗೆ 20 ಅಂಕ ಸೇರಿ, ಸೋತ ಹಿರಿಯರಿಂದ ಹತ್ತೇ ಹೋಗುವುದೂ ಉಂಟು.

ಮೊದಲ ರೇಟಿಂಗ್ ಪಡೆಯುವುದು

ರೇಟಿಂಗ್ ಇಲ್ಲದವರು ರೇಟಿಂಗ್ ಇರುವವರೊಡನೆ ಕನಿಷ್ಠ ಐದು ಆಟ ಆಡಿರಬೇಕು. ಒಂದೇ ಟೂರ್ನಿಯಲ್ಲಿ ಐದು ಆಗದಿದ್ದರೆ 26 ತಿಂಗಳೊಳಗಿನ ಟೂರ್ನಿಗಳನ್ನು ಕೂಡಿಸಬಹುದು. 2024ರಿಂದ ಈ ಲೆಕ್ಕಕ್ಕೆ 1800ರ ಇಬ್ಬರು ಕಾಲ್ಪನಿಕ ಎದುರಾಳಿಗಳೊಡನೆ ಎರಡು ಡ್ರಾಗಳನ್ನೂ ಸೇರಿಸುತ್ತಾರೆ. ಉದಾಹರಣೆಗೆ, ಸರಾಸರಿ 1500ರ ಐವರ ಎದುರು ಎರಡೂವರೆ ಅಂಕ ಗಳಿಸಿದವರನ್ನು ತೆಗೆದುಕೊಳ್ಳಿ. ಇಬ್ಬರು ಕಾಲ್ಪನಿಕ ಎದುರಾಳಿಗಳೂ ಸೇರಿ ಏಳು ಮಂದಿಯ ಸರಾಸರಿ 1586. ಏಳರಲ್ಲಿ ಮೂರೂವರೆ, ಅಂದರೆ ಸರಿಯಾಗಿ ಅರ್ಧ ಗಳಿಸಿದ್ದರಿಂದ ಮೊದಲ ರೇಟಿಂಗ್ 1586. ಕೆಲವೇ ಆಟಗಳ ಅದೃಷ್ಟದಿಂದ ಅಂಕಿ ವಿಪರೀತ ಮೇಲೆ ಅಥವಾ ಕೆಳಗೆ ಹೋಗದಂತೆ ಆ ಎರಡು ಡ್ರಾಗಳು ತಡೆಯುತ್ತವೆ. ಫಲಿತಾಂಶ 1400ಕ್ಕಿಂತ ಕಡಿಮೆ ಬಂದರೆ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ. ಎಷ್ಟೇ ಚೆನ್ನಾಗಿ ಆಡಿದರೂ ಮೊದಲ ರೇಟಿಂಗ್ 2200ನ್ನು ಮೀರುವುದಿಲ್ಲ.

ಮೂರು ಪಟ್ಟಿಗಳು

ಫಿಡೆಯಲ್ಲಿ ಸ್ಟ್ಯಾಂಡರ್ಡ್, ರ‍್ಯಾಪಿಡ್, ಬ್ಲಿಟ್ಜ್ ಎಂಬ ಮೂರು ಬೇರೆ ಬೇರೆ ರೇಟಿಂಗ್‌ಗಳಿವೆ. ಕೊನೆಯೆರಡು 2012ರಲ್ಲಿ ಶುರುವಾದವು. ಒಬ್ಬ ಆಟಗಾರನ ಸಮಯ ಹತ್ತು ನಿಮಿಷ ಅಥವಾ ಕಡಿಮೆ ಇದ್ದರೆ ಬ್ಲಿಟ್ಜ್, ಹತ್ತಕ್ಕಿಂತ ಹೆಚ್ಚು ಅರುವತ್ತಕ್ಕಿಂತ ಕಡಿಮೆಯಾದರೆ ರ‍್ಯಾಪಿಡ್. ಸ್ಟ್ಯಾಂಡರ್ಡ್‌ಗೆ ಇಬ್ಬರೂ 1800ರ ಕೆಳಗಿದ್ದರೆ ತಲಾ 60 ನಿಮಿಷ ಸಾಕು. ಒಬ್ಬರು 1800 ಅಥವಾ ಅದಕ್ಕಿಂತ ಹೆಚ್ಚಿದ್ದರೆ 90, 2400 ಅಥವಾ ಹೆಚ್ಚಿದ್ದರೆ 120 ನಿಮಿಷ ಬೇಕು. ಪ್ರತಿ ನಡೆಗೆ ಸೇರುವ ಹೆಚ್ಚುವರಿ ಸೆಕೆಂಡುಗಳನ್ನು 60 ನಡೆಗಳ ಲೆಕ್ಕದಲ್ಲಿ ಕೂಡಿಸಿಯೇ ಇದನ್ನು ನೋಡುತ್ತಾರೆ. ಹೀಗಾಗಿ ‘90 ನಿಮಿಷ, ನಡೆಗೆ 30 ಸೆಕೆಂಡ್’ ಎಂಬ ಪ್ರಚಲಿತ ಕ್ರಮ 120 ನಿಮಿಷಕ್ಕೆ ಸಮ.

ಟೂರ್ನಿಯನ್ನು ದೇಶದ ಫೆಡರೇಷನ್ ಮುಂಚಿತವಾಗಿ ಫಿಡೆಯಲ್ಲಿ ನೋಂದಾಯಿಸಿರಬೇಕು. ಎದುರಾಳಿ ಬಾರದೆ ಸಿಕ್ಕ ವಾಕ್‌ಓವರ್, ಬೈ ಇವುಗಳಿಂದ ಟೂರ್ನಿಯ ಅಂಕ ಬಂದೀತೇ ಹೊರತು ರೇಟಿಂಗ್ ಕದಲುವುದಿಲ್ಲ. 2012ರಿಂದ ಪಟ್ಟಿ ಪ್ರತಿ ತಿಂಗಳ ಒಂದನೇ ತಾರೀಖಿಗೆ ಪ್ರಕಟವಾಗುತ್ತಿದೆ. ಒಂದು ವರ್ಷ ಆಡದವರನ್ನು ‘ನಿಷ್ಕ್ರಿಯ’ ಎಂದು ಗುರುತಿಸುತ್ತಾರೆ, ಆದರೆ ರೇಟಿಂಗ್ ಅಳಿಸುವುದಿಲ್ಲ. ಮರಳಿ ಆಡಿದಾಗ ಬಿಟ್ಟಲ್ಲಿಂದಲೇ ಲೆಕ್ಕ ಮುಂದುವರಿಯುತ್ತದೆ. ಪುರುಷರಿಗೂ ಮಹಿಳೆಯರಿಗೂ ಒಂದೇ ಅಳತೆ.

2024ರ ದೊಡ್ಡ ತಿದ್ದುಪಡಿ

1971ರ ಮೊದಲ ಪಟ್ಟಿಗಳು ಅಗ್ರ ಆಟಗಾರರಿಗಷ್ಟೇ ಮೀಸಲಾಗಿದ್ದವು. ಪುರುಷರಿಗೆ ಕೆಳಮಿತಿ 2200. ಕ್ಲಬ್ ಆಟಗಾರರನ್ನೂ ಒಳಗೊಳ್ಳಲು ಫಿಡೆ ಈ ಮಿತಿಯನ್ನು ಹಂತಹಂತವಾಗಿ ಇಳಿಸುತ್ತ 2012ರಲ್ಲಿ 1000ಕ್ಕೆ ತಂದಿತು. ಸಾವಿರಾರು ಮಕ್ಕಳು ಪಟ್ಟಿಗೆ ಸೇರಿದರು. 1050ಕ್ಕೆ ರೇಟಿಂಗ್ ಪಡೆದ ಮಗು ಆರು ತಿಂಗಳಲ್ಲಿ 1500ರ ಮಟ್ಟಕ್ಕೆ ಬೆಳೆದರೂ ಅಂಕಿ ಹಿಂದೆಯೇ ಉಳಿಯುತ್ತಿತ್ತು. ಅಂಥ ಮಗುವಿನ ಎದುರು ಸೋತ 1600ರ ಹಿರಿಯರು ಅನ್ಯಾಯವಾಗಿ ಅಂಕ ಕಳೆದುಕೊಳ್ಳುತ್ತಿದ್ದರು. ರೇಟಿಂಗ್ ಎಂದರೆ ಫಿಡೆ ರೇಟಿಂಗ್ ಎಂಬಂತಾಗಿದ್ದ ಭಾರತದಲ್ಲಿ ಇದರ ಬಿಸಿ ಜೋರಾಗಿಯೇ ತಟ್ಟಿತು. ದೇಶೀಯ ರೇಟಿಂಗ್‌ನಲ್ಲಿ ಕೆಲವು ವರ್ಷ ಪಳಗಿ ಬರಬೇಕಾದ ಮಕ್ಕಳು ಇಲ್ಲಿ ನೇರವಾಗಿ ಅಂತರರಾಷ್ಟ್ರೀಯ ಪಟ್ಟಿಗೆ ಬಂದಿದ್ದರು.

2024ರ ಮಾರ್ಚ್ 1ರಂದು ಫಿಡೆ ಕೆಳಮಿತಿಯನ್ನು 1400ಕ್ಕೆ ಏರಿಸಿತು. ಜೊತೆಗೆ 2000ಕ್ಕಿಂತ ಕೆಳಗಿದ್ದ ಎಲ್ಲರಿಗೂ, ತಮ್ಮ ಅಂಕಿಗೂ 2000ಕ್ಕೂ ಇದ್ದ ಅಂತರದ ಶೇ 40ರಷ್ಟನ್ನು ಒಂದು ಬಾರಿಗೆ ಕೂಡಿಸಿತು. 1000 ಇದ್ದವರು 1400 ಆದರು, 1500 ಇದ್ದವರು 1700, 1800 ಇದ್ದವರು 1880. ಆದ್ದರಿಂದ 2023ರ 1500ನ್ನೂ 2025ರ 1500ನ್ನೂ ಪಕ್ಕಪಕ್ಕ ಇಟ್ಟು ನೋಡುವುದು ತಪ್ಪು. ಎಷ್ಟೋ ಜನರ ಏರಿಕೆಯ ರೇಖೆಯಲ್ಲಿ ಆ ತಿಂಗಳು ಕಾಣುವ ಜಿಗಿತಕ್ಕೂ ಅವರ ಆಟಕ್ಕೂ ಸಂಬಂಧವಿಲ್ಲ.

ಬೇರೆ ದೇಶಗಳ ಅಳತೆಗಳು

ಇಂಗ್ಲೆಂಡ್‌ನಲ್ಲಿ 2020ರವರೆಗೆ ಮೂರಂಕಿಯ ‘ಗ್ರೇಡ್’ ಇತ್ತು. ಅದನ್ನು ಏಳೂವರೆಯಿಂದ ಗುಣಿಸಿ 700 ಕೂಡಿಸಿ ನಾಲ್ಕಂಕಿಗೆ ಬದಲಿಸಿದರು. 120ರ ಗ್ರೇಡ್ 1600 ಆಯಿತು. ಜರ್ಮನಿ ಏಕೀಕರಣದ ಬಳಿಕ ಪೂರ್ವ, ಪಶ್ಚಿಮದ ಪದ್ಧತಿಗಳನ್ನು ಕೈಬಿಟ್ಟು 1993ರಲ್ಲಿ ‘ಡಿಡಬ್ಲ್ಯುಝಡ್’ ಎಂಬ ಹೊಸ ರೇಟಿಂಗ್ ತಂದಿತು. ಅದರ ಲೆಕ್ಕದಲ್ಲಿ ಆಟಗಾರರ ವಯಸ್ಸೂ ಸೇರಿದೆ. ಅಮೆರಿಕದ ರೇಟಿಂಗ್‌ನ ಕೆಳಮಿತಿ 100, ಹೀಗಾಗಿ ಚಿಕ್ಕ ಮಕ್ಕಳಿಗೂ ಪಟ್ಟಿಯಲ್ಲಿ ಜಾಗವಿದೆ. ಮೊದಲ 25 ಆಟಗಳವರೆಗೆ ಅದು ‘ತಾತ್ಕಾಲಿಕ’. ಒಮ್ಮೆ ಎತ್ತರ ಮುಟ್ಟಿದವರ ರೇಟಿಂಗ್ ಸುಮಾರು 200ಕ್ಕಿಂತ ಹೆಚ್ಚು ಕುಸಿಯದಂತೆ ವೈಯಕ್ತಿಕ ಕೆಳಮಿತಿಯೂ ಇದೆ. ಬಹುಮಾನಕ್ಕಾಗಿ ಬೇಕೆಂದೇ ಸೋತು ಕೆಳಗಿನ ವಿಭಾಗಕ್ಕೆ ಇಳಿಯುವವರನ್ನು ತಡೆಯಲು ಇದು ನೆರವಾಗುತ್ತದೆ.

ಅಂಕಿ ಸುಳ್ಳಾಡಿದ ಸಂದರ್ಭಗಳು

ಒಂದು ಗುಂಪಿನ ಆಟಗಾರರು ಹೊರಗಿನವರೊಡನೆ ಆಡದಿದ್ದರೆ ಆ ಗುಂಪಿನ ರೇಟಿಂಗ್‌ಗಳು ಹೊರಜಗತ್ತಿನಿಂದ ಕಳಚಿಕೊಳ್ಳುತ್ತವೆ. ಪ್ರಸಿದ್ಧ ಉದಾಹರಣೆ ಕ್ಲಾಡ್ ಬ್ಲಡ್‌ಗುಡ್. ಅಮೆರಿಕದ ವರ್ಜೀನಿಯಾದ ಸೆರೆಮನೆಯಲ್ಲಿದ್ದ ಈ ಕೈದಿ ಸಹಕೈದಿಗಳೊಡನೆ ಅಸಂಖ್ಯ ರೇಟೆಡ್ ಆಟಗಳನ್ನಾಡಿದರು. 1996ರಲ್ಲಿ ಅವರ ರೇಟಿಂಗ್ 2700 ದಾಟಿ, ಕಾಗದದ ಮೇಲೆ ದೇಶದ ಎರಡನೇ ಅತಿ ಬಲಿಷ್ಠ ಆಟಗಾರರಾದರು. ಸೂತ್ರ ಸರಿಯಾಗಿಯೇ ಕೆಲಸ ಮಾಡಿತ್ತು, ಆದರೆ ಅದಕ್ಕೆ ಗೊತ್ತಿದ್ದದ್ದು ಸೆರೆಮನೆಯೊಳಗಿನ ಜಗತ್ತು ಮಾತ್ರ.

ಇನ್ನೊಮ್ಮೆ ತಿದ್ದುಪಡಿಯೇ ವಿವಾದವಾಯಿತು. ಮಹಿಳೆಯರು ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುವುದರಿಂದ ಅವರ ರೇಟಿಂಗ್ ಕಡಿಮೆ ತೋರುತ್ತಿದೆ ಎಂಬ ಕಾರಣ ಕೊಟ್ಟು, ಫಿಡೆ 1987ರ ಜನವರಿ ಪಟ್ಟಿಯಲ್ಲಿ ಮಹಿಳೆಯರಿಗೆ ತಲಾ 100 ಅಂಕ ಸೇರಿಸಿತು. ಪುರುಷರೊಡನೆಯೇ ಆಡುತ್ತಿದ್ದ ಹಂಗೆರಿಯ ಸೂಸನ್ ಪೋಲ್ಗರ್ ಅವರನ್ನು ಮಾತ್ರ ಬಿಟ್ಟಿತು. ಅಲ್ಲಿಯವರೆಗೆ ಮಹಿಳೆಯರಲ್ಲಿ ಅಗ್ರಸ್ಥಾನದಲ್ಲಿದ್ದ ಅವರು ಆಡದೆಯೇ ಕೆಳಗಿಳಿದರು.

ಆನ್‌ಲೈನ್ ರೇಟಿಂಗ್ ಅಧಿಕೃತವೇ?

ಚೆಸ್.ಕಾಮ್ 2007ರಲ್ಲಿ, ಲಿಚೆಸ್ 2010ರಲ್ಲಿ ಶುರುವಾದವು. ಇವು ಬಳಸುವುದು ಮಾರ್ಕ್ ಗ್ಲಿಕ್‌ಮನ್ 1995ರಲ್ಲಿ ರೂಪಿಸಿದ ‘ಗ್ಲಿಕೊ’ ಮತ್ತು ಅದರ ಮುಂದಿನ ರೂಪಗಳನ್ನು. ರೇಟಿಂಗ್ ಎಷ್ಟು ಎಂಬುದರ ಜೊತೆಗೆ ಅದು ಎಷ್ಟು ನಂಬಲರ್ಹ ಎಂಬುದನ್ನೂ ಗ್ಲಿಕೊ ಲೆಕ್ಕ ಹಾಕುತ್ತದೆ. ಬಹಳ ದಿನ ಆಡದವರ ಅಂಕಿಯ ಮೇಲಿನ ವಿಶ್ವಾಸ ಕಡಿಮೆಯಾಗುತ್ತದೆ. ಲಿಚೆಸ್‌ನಲ್ಲಿ ಎಲ್ಲರೂ 1500ರಿಂದ ಶುರುಮಾಡುತ್ತಾರೆ. ಈ ತಾಣಗಳ ಆಟಗಾರರ ಸಮೂಹ ಬೇರೆ, ಆರಂಭದ ಅಂಕಿ ಬೇರೆ, ಆಟದ ವೇಗ ಬೇರೆ. ಆದ್ದರಿಂದ ಅಲ್ಲಿನ 1800ಕ್ಕೂ ಫಿಡೆಯ 1800ಕ್ಕೂ ಹೆಸರಿನ ಸಾಮ್ಯವಷ್ಟೇ. ಟೂರ್ನಿಯ ಅರ್ಜಿಯಲ್ಲಿ ‘ರೇಟಿಂಗ್’ ಎಂಬಲ್ಲಿ ಇದನ್ನು ಬರೆಯುವಂತಿಲ್ಲ.

ಬಿರುದುಗಳು

ರೇಟಿಂಗ್ ಏರಿಳಿಯುತ್ತದೆ, ಬಿರುದು ಜೀವಮಾನದ್ದು. ಕ್ಯಾಂಡಿಡೇಟ್ ಮಾಸ್ಟರ್‌ಗೆ 2200, ಫಿಡೆ ಮಾಸ್ಟರ್‌ಗೆ 2300 ಮುಟ್ಟಿದರೆ ಸಾಕು. ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ 2400, ಗ್ರ್ಯಾಂಡ್‌ಮಾಸ್ಟರ್‌ಗೆ 2500ರ ಜೊತೆಗೆ ‘ನಾರ್ಮ್’ಗಳೂ ಬೇಕು. ಬಿರುದಾಂಕಿತರೂ ಬೇರೆ ದೇಶದವರೂ ಇರುವ ಟೂರ್ನಿಯಲ್ಲಿ ನಿಗದಿತ ಮಟ್ಟದ ಸಾಧನೆ ತೋರುವುದೇ ನಾರ್ಮ್. ಗ್ರ್ಯಾಂಡ್‌ಮಾಸ್ಟರ್ ನಾರ್ಮ್‌ಗೆ ಆ ಮಟ್ಟ 2600. ಮಹಿಳೆಯರು ಈ ಬಿರುದುಗಳನ್ನೂ ಗಳಿಸಬಹುದು. ಅವರಿಗೆಂದೇ ಇರುವ ಪ್ರತ್ಯೇಕ ಬಿರುದುಗಳ ಮಿತಿ ತಲಾ 200 ಕಡಿಮೆ.

ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ 1961ರಲ್ಲಿ ಮ್ಯಾನುಯೆಲ್ ಆರನ್. ಮೊದಲ ಗ್ರ್ಯಾಂಡ್‌ಮಾಸ್ಟರ್ 1988ರಲ್ಲಿ ಆನಂದ್. ಕರ್ನಾಟಕ ಮೊದಲ ಗ್ರ್ಯಾಂಡ್‌ಮಾಸ್ಟರ್‌ಗಾಗಿ 2017ರವರೆಗೆ ಕಾಯಬೇಕಾಯಿತು, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಆ ಗೌರವ ಪಡೆದರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಈ ಸಾಲಿಗೆ ಸೇರಿದರು.

ಅಂಧರ ಚೆಸ್, ಅಂಚೆ ಚೆಸ್

ದೃಷ್ಟಿದೋಷವುಳ್ಳವರಿಗಾಗಿ ಅಂತರರಾಷ್ಟ್ರೀಯ ಬ್ರೈಲ್ ಚೆಸ್ ಸಂಸ್ಥೆಯೂ ಭಾರತದಲ್ಲಿ ಅಂಧರ ಚೆಸ್ ಫೆಡರೇಷನ್ನೂ ಇವೆ. ಅವರು ತೂತುಗಳಿರುವ, ಕಪ್ಪು ಮನೆಗಳು ತುಸು ಎತ್ತರವಾಗಿರುವ ಹಲಗೆಯನ್ನು ಮುಟ್ಟಿ ನೋಡುತ್ತ ಆಡುತ್ತಾರೆ. ಅವರಿಗೆಂದು ಬೇರೆ ಅಳತೆಯಿಲ್ಲ, ಕಣ್ಣಿರುವವರ ಜೊತೆ ಆಡಿ ಫಿಡೆ ರೇಟಿಂಗ್ ಗಳಿಸುತ್ತಾರೆ. ಶಿವಮೊಗ್ಗದ ಕಿಶನ್ ಗಂಗೊಳ್ಳಿ ಈ ವಿಭಾಗದ ರಾಷ್ಟ್ರೀಯ ಚಾಂಪಿಯನ್ ಆದವರು. ಅಂಚೆಯಲ್ಲಿ ಶುರುವಾಗಿ ಈಗ ಅಂತರಜಾಲದಲ್ಲಿ ನಡೆಯುವ ಪತ್ರ ಚೆಸ್‌ಗೆ 1951ರಿಂದ ಪ್ರತ್ಯೇಕ ಅಂತರರಾಷ್ಟ್ರೀಯ ಸಂಸ್ಥೆಯಿದ್ದು, ಅದರ ರೇಟಿಂಗ್ ಮತ್ತು ಬಿರುದುಗಳು ಬೇರೆ.

ಅಂಕಿಯನ್ನು ಓದುವ ಕ್ರಮ

ರೇಟಿಂಗ್ ನೋಡುವಾಗ ಅದರ ಜೊತೆಗೆ ನಾಲ್ಕು ಸಂಗತಿ ಕೇಳಬೇಕು: ಯಾವ ಸಂಸ್ಥೆಯದು, ಯಾವ ವೇಗದ ಆಟದ್ದು, ಎಷ್ಟು ಆಟಗಳಿಂದ ಬಂದದ್ದು, ಕೊನೆಯ ಆಟ ಯಾವಾಗ. ಐದು ಆಟದಿಂದ ಬಂದ 1650 ಬರೀ ಸುಳಿವು. ನೂರು ಆಟದಿಂದ ಬಂದ 1650 ತಕ್ಕಮಟ್ಟಿಗೆ ನಂಬಬಹುದಾದ ಅಂದಾಜು. ಟೂರ್ನಿಗೆ ಹಣ ಕಟ್ಟುವ ಮೊದಲು ಅದು ಫಿಡೆಯಲ್ಲಿ ನೋಂದಣಿಯಾಗಿದೆಯೇ, ಸಮಯದ ಕ್ರಮ ಯಾವ ಪಟ್ಟಿಗೆ ಸೇರುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು.

ಏರಿಳಿತದ ಬಗ್ಗೆ ಆತಂಕಪಡುವ ಪೋಷಕರಿಗೆ ಈಲೊ ಸೂತ್ರವೇ ಸಮಾಧಾನ ಹೇಳುತ್ತದೆ. ಒಂಬತ್ತು ಸುತ್ತಿನ ಟೂರ್ನಿಯಲ್ಲಿ ತನ್ನದೇ ಮಟ್ಟದವರೊಡನೆ ಆಡುವ ಮಗುವಿಗೆ ನಾಲ್ಕೂವರೆ ಅಂಕದ ನಿರೀಕ್ಷೆ. ಒಂದು ಜ್ವರ, ಒಂದು ಅವಸರದ ನಡೆ, ಗೆಲ್ಲುತ್ತಿದ್ದ ಆಟದಲ್ಲಿ ಮುಗಿದುಹೋದ ಗಡಿಯಾರ ಇಷ್ಟರಿಂದಲೇ ಅದು ಮೂರಕ್ಕೆ ಇಳಿಯಬಹುದು. ಕೆ 40ರ ಲೆಕ್ಕದಲ್ಲಿ ಆಗ ರೇಟಿಂಗ್ 60 ಬೀಳುತ್ತದೆ. ಒಂದೂವರೆ ಅಂಕದ ಈ ವ್ಯತ್ಯಾಸ ಬರೀ ಆಕಸ್ಮಿಕದಿಂದಲೂ ಆಗುವಂಥದ್ದು. ಮುಂದಿನ ಟೂರ್ನಿಯಲ್ಲಿ ಅಷ್ಟೇ ಸುಲಭವಾಗಿ ಅದು ಮರಳಿ ಬರಬಹುದು. ಮಗುವಿನ ಆಟ ಬೆಳೆದಿದೆಯೇ ಎಂದು ತಿಳಿಯಬೇಕಾದರೆ ಒಂದು ತಿಂಗಳ ಪಟ್ಟಿಯನ್ನು ನೋಡಿದರೆ ಸಾಲದು, ಒಂದು ವರ್ಷದ ಪಟ್ಟಿಗಳನ್ನು ಒಟ್ಟಿಗೆ ನೋಡಬೇಕು.